ರಿಗ್‌ಗೆ ಲಕ್ಷ, ಪವರ್ ಸಪ್ಲೈಗೆ ಸಾವಿರ?

ಹ್ಯಾಮ್ ರೇಡಿಯೋಗೆ ಹೊಸದಾಗಿ ಇಳಿದವರು ಟ್ರಾನ್ಸೀವರ್ (ರಿಗ್) ಆರಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಆಂಟೆನಾ ಕಟ್ಟಲು ಜಾಗ ಬೇಕೆಂದು ಅಪಾರ್ಟ್‌ಮೆಂಟ್ ಸಂಘದವರ ಜೊತೆ ಕಾದಾಡುತ್ತಾರೆ. ಪವರ್ ಸಪ್ಲೈ ಮಾತ್ರ ಎಲ್ಲ ಮುಗಿದ ಮೇಲೆ, ಜೇಬಿನಲ್ಲಿ ಉಳಿದ ಹಣದಲ್ಲಿ ಬರುತ್ತದೆ. ಹೊಸನಗರದ ಕಡೆ ಇರುವ ನನ್ನ ಸೋದರಳಿಯ ಲೈಸೆನ್ಸ್ ಕೈಗೆ ಬಂದದ್ದೇ ಲಕ್ಷ ದಾಟುವ 100 ವ್ಯಾಟಿನ ರಿಗ್ ತರಿಸಿಕೊಂಡ. ಆಮೇಲೆ ಫೋನ್ ಮಾಡಿದ: “ಮಾವ, ಬೆಂಗಳೂರಿನ ಎಸ್‌.ಪಿ. ರೋಡಲ್ಲಿ 12 ವೋಲ್ಟ್ 30 ಆಂಪಿಯರಿನ ಎಸ್‌ಎಂಪಿಎಸ್ ಸಾವಿರ ರೂಪಾಯಿಗೆ ಸಿಗುತ್ತಂತಲ್ಲ, ಒಂದು ಕಳಿಸಿಬಿಡ್ತೀರಾ?”

ಸಿಗುತ್ತದೆ, ನಿಜ. ನಾನು ಕಳಿಸಲಿಲ್ಲ. ಏಕೆ ಎಂಬುದೇ ಈ ಸಲದ ಲೆಕ್ಕ.

ಮೊದಲು ಬೇಕಾದದ್ದು ಎಷ್ಟು ಅಂತ ನೋಡೋಣ. 100 ವ್ಯಾಟ್ ಹೊರಗೆ ಕಳಿಸುವ ರಿಗ್ ಒಳಗೆ ತಿನ್ನುವುದು ಅದರ ಮೂರರಷ್ಟು. ಐಕಾಮ್ ಐಸಿ-7300ರ ಕೈಪಿಡಿಯಲ್ಲಿ 13.8 ವೋಲ್ಟಿನಲ್ಲಿ ಗರಿಷ್ಠ 21 ಆಂಪಿಯರ್ ಎಂದಿದೆ. ಯೇಸು ಎಫ್‌ಟಿ-891ಕ್ಕೆ 23. ಸುಮ್ಮನೆ ಕೇಳುತ್ತಿರುವಾಗ ಒಂದು ಆಂಪಿಯರಿನ ಆಸುಪಾಸು ಸಾಕು. ಅಂದರೆ ದಿನದ ಬಹುಪಾಲು ಈ ಸಪ್ಲೈಗೆ ಕೆಲಸವೇ ಇಲ್ಲ, ಮೈಕ್ ಒತ್ತಿದ ಕ್ಷಣ ಮಾತ್ರ ಇಪ್ಪತ್ತು ಪಟ್ಟು ಭಾರ. ಮಾತಿನಲ್ಲಿ ಏರಿಳಿತ ಇರುವುದರಿಂದ ಎಸ್‌ಎಸ್‌ಬಿ ಎಂಬ ಧ್ವನಿ ವಿಧಾನದಲ್ಲಿ ಸರಾಸರಿ ಇನ್ನೂ ಕಡಿಮೆ. ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ ಆಡುವವರ ಲೆಕ್ಕ ಬೇರೆ. ಅಲ್ಲಿ 15 ಸೆಕೆಂಡಿನ ಒಂದೊಂದು ಸರದಿಯಲ್ಲಿ 12.6 ಸೆಕೆಂಡು ಪೂರ್ತಿ ದಮ್ಮಿನಲ್ಲಿ ಕಳಿಸಬೇಕು. ಹಾಗಾಗಿ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ಆಂಪಿಯರ್ ಪೀಕ್ ಲೆಕ್ಕವೋ, ಎಡೆಬಿಡದೆ ಕೊಡುವ ಲೆಕ್ಕವೋ ಎಂದು ಕೇಳಬೇಕು. ಅಮೆರಿಕದ ಆಸ್ಟ್ರಾನ್ ಕಂಪನಿಯ ಪ್ರಸಿದ್ಧ ಆರ್‌ಎಸ್-35 ಕೂಡ ಎಡೆಬಿಡದೆ ಕೊಡುವುದು 25 ಆಂಪಿಯರ್ ಮಾತ್ರ. ಹೆಸರಿನಲ್ಲಿರುವ 35 ಬಿಟ್ಟುಬಿಟ್ಟು ಬಳಸುವಾಗಿನದು. ಅವರು ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಗಲ್ಲಿಯ ಡಬ್ಬಿಗಳು ಮುಚ್ಚಿಡುತ್ತವೆ.

ನಿಮ್ಮದು ಹೈದರಾಬಾದಿನ ಅಶರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಜಾತಿಯ ಹತ್ತು ವ್ಯಾಟಿನ ಸೆಟ್ ಆದರೆ ಈ ತಲೆನೋವು ಬೇಡ. ಐದು ಆಂಪಿಯರಿನ ಸಣ್ಣ ಲೀನಿಯರ್ ಸಪ್ಲೈ ಅಥವಾ ಯುಪಿಎಸ್‌ನ ಬ್ಯಾಟರಿ ಸಾಕು. ಉಳಿದ ಹಣಕ್ಕೆ ಆಂಟೆನಾ ತಂತಿ ತನ್ನಿ.

ಎಸ್‌ಎಂಪಿಎಸ್ ಎಂಬ ಸ್ವಿಚಿಂಗ್ ಸಪ್ಲೈ ಹೊಗಳುವವರು ಮೊದಲು ಹೇಳುವುದು ಕರೆಂಟ್ ಬಿಲ್ ಉಳಿಯುತ್ತದೆ ಎಂದು. ದೊಡ್ಡ ಟ್ರಾನ್ಸ್‌ಫಾರ್ಮರಿನ ಹಳೆಯ ಲೀನಿಯರ್ ಸಪ್ಲೈ ಒಳಗೆ ಬಂದ ವಿದ್ಯುತ್ತಿನ ಅರ್ಧವನ್ನು ಬಿಸಿ ಮಾಡಿ ಹೊರಗೆ ಹಾಕುತ್ತದೆ, ಎಸ್‌ಎಂಪಿಎಸ್ ಶೇಕಡಾ 85ರಷ್ಟನ್ನು ಕೆಲಸಕ್ಕೆ ಕೊಡುತ್ತದೆ. ಕೇಳಲು ಚೆನ್ನ. ಆದರೆ ರೂಪಾಯಿಗೆ ಇಳಿಸಿ ನೋಡಿ. ಪೂರ್ತಿ ಭಾರದಲ್ಲಿ ಲೀನಿಯರ್ ಎಳೆಯುವುದು 600 ವ್ಯಾಟಿನ ಹತ್ತಿರ, ಎಸ್‌ಎಂಪಿಎಸ್ 340. ದಿನಕ್ಕೆ ಅರ್ಧ ಗಂಟೆ ಮೈಕ್ ಒತ್ತಿ ಮಾತಾಡುವವರಿಗೆ, ಮಾತಿನ ಸರಾಸರಿ ಮೂರನೇ ಒಂದು ಎಂದು ಹಿಡಿದರೆ, ವರ್ಷಕ್ಕೆ ಹದಿನಾರು ಯೂನಿಟ್ ವ್ಯತ್ಯಾಸ. ಯೂನಿಟ್ಟಿಗೆ ಆರು ರೂಪಾಯಿಯಂತೆ ನೂರು ರೂಪಾಯಿಯೂ ಆಗಲಿಲ್ಲ. ಕೇಳುತ್ತಾ ಕೂತ ಹೊತ್ತಿನಲ್ಲಿ ಟ್ರಾನ್ಸ್‌ಫಾರ್ಮರ್ ನುಂಗುವುದನ್ನು ಸೇರಿಸಿದರೂ ಇನ್ನೂರರ ಆಚೀಚೆ. ಬಿಲ್ಲಿಗಾಗಿ ಎಸ್‌ಎಂಪಿಎಸ್ ಕೊಳ್ಳುತ್ತೇನೆ ಎನ್ನುವವರಿಗೆ ನನ್ನ ಮನೆಯ ಗೀಸರ್ ತೋರಿಸಬೇಕು.

ಹಾಗಾದರೆ ಲೀನಿಯರೇ ಇರಲಿ ಎನ್ನಬಹುದೇ? ಅದಕ್ಕೆ ಅಡ್ಡ ನಿಂತಿರುವುದು ತಾಮ್ರದ ಬೆಲೆ. ಹಿಂದಿನ ತಲೆಮಾರಿನ ಹ್ಯಾಮ್‌ಗಳು 723 ಐಸಿ, ಸಾಲಾಗಿ ನಿಲ್ಲಿಸಿದ 2ಎನ್3055 ಟ್ರಾನ್ಸಿಸ್ಟರುಗಳು, ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಿದ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಸ್ವತಃ ಕಟ್ಟುತ್ತಿದ್ದರು. ನಾನೂ ಒಂದು ಕಟ್ಟಿದ್ದೇನೆ, ಇಂದಿಗೂ ಕೆಲಸ ಮಾಡುತ್ತದೆ, ಎತ್ತಲು ಮಾತ್ರ ಇಬ್ಬರು ಬೇಕು. ಅದನ್ನೇ ಇವತ್ತು ಕಟ್ಟಲು ಕೂತರೆ ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್, ದೊಡ್ಡ ಕೆಪಾಸಿಟರ್‌ಗಳೆಲ್ಲ ಸೇರಿ ಎಂಟು ಒಂಬತ್ತು ಸಾವಿರಕ್ಕೆ ಮೋಸವಿಲ್ಲ, ಹೊಸನಗರಕ್ಕೆ ಪಾರ್ಸೆಲ್ ಖರ್ಚು ಬೇರೆ. ಜೊತೆಗೆ ಲೀನಿಯರಿಗೆ ಒಂದು ಕೆಟ್ಟ ಗುಣ ಇದೆ. ಅದರ ಪಾಸ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಒಳಗಿನ 20 ವೋಲ್ಟಿಗೂ ಮೀರಿದ್ದು ನೇರವಾಗಿ ರಿಗ್ಗಿಗೆ ನುಗ್ಗುತ್ತದೆ. ಅದನ್ನು ತಡೆಯುವ ಕ್ರೋಬಾರ್ ಸರ್ಕ್ಯೂಟ್ ಇಲ್ಲದ ಹಳೆಯ ಸಪ್ಲೈ ಯಾರಾದರೂ ಪುಕ್ಕಟೆ ಕೊಟ್ಟರೂ ಲಕ್ಷದ ರಿಗ್ಗಿಗೆ ಕಟ್ಟಬೇಡಿ.

ಈಗ ಸಾವಿರ ರೂಪಾಯಿಯ ಡಬ್ಬಿಗೆ ಬರೋಣ. ಇದು ಎಲ್‌ಇಡಿ ಪಟ್ಟಿ ಉರಿಸಲು, ಅಂಗಡಿ ಬೋರ್ಡ್ ಬೆಳಗಿಸಲು ಮಾಡಿದ್ದು. ಎಸ್‌ಎಂಪಿಎಸ್ ಯಾವುದೇ ಇರಲಿ, ಒಳಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ವಿದ್ಯುತ್ತನ್ನು ಕತ್ತರಿಸಿ ಜೋಡಿಸುತ್ತಿರುತ್ತದೆ. ಆ ಕತ್ತರಿಕೆಯ ಹಾರ್ಮೋನಿಕ್‌ಗಳು ಶಾರ್ಟ್‌ವೇವ್ ಬ್ಯಾಂಡಿನ ಉದ್ದಕ್ಕೂ ಬೇಲಿ ಕಂಬಗಳ ಹಾಗೆ ನೆಟ್ಟಿರುತ್ತವೆ, ಭಾರ ಬದಲಾದಂತೆ ಜಾಗವನ್ನೂ ಬದಲಿಸುತ್ತವೆ. ಅವನ್ನು ಒಳಗೇ ಕಟ್ಟಿಹಾಕಲು ಇನ್‌ಪುಟ್ಟಿನಲ್ಲಿ ಕಾಯಿಲ್ ಮತ್ತು ಕೆಪಾಸಿಟರ್‌ಗಳ ಫಿಲ್ಟರ್ ಇರಬೇಕು. ಅಗ್ಗದ ಡಬ್ಬಿಯ ಮುಚ್ಚಳ ತೆಗೆದರೆ ಆ ಫಿಲ್ಟರಿನ ಜಾಗದಲ್ಲಿ ಬರೀ ಜಂಪರ್ ತಂತಿ ಕಾಣುವುದುಂಟು. ಉಳಿತಾಯ ಆದದ್ದು ಅಲ್ಲಿಯೇ.

ಇಂಥದ್ದೊಂದನ್ನು ಗೆಳೆಯರೊಬ್ಬರಿಂದ ತಂದು ನನ್ನ ರಿಗ್ಗಿಗೆ ಕಟ್ಟಿ ನೋಡಿದ್ದೆ. ಬ್ಯಾಟರಿಯ ಮೇಲೆ ಓಡಿಸುವಾಗ 40 ಮೀಟರ್ ಬ್ಯಾಂಡಿನಲ್ಲಿ ಸಿಗ್ನಲ್ ಬಲ ತೋರಿಸುವ ಎಸ್-ಮೀಟರ್ ಮೂರರಲ್ಲಿ ತೂಗಾಡುತ್ತಿತ್ತು. ಈ ಡಬ್ಬಿ ಆನ್ ಮಾಡಿದೊಡನೆ ಏಳಕ್ಕೆ ಹೋಗಿ ಕೂತಿತು. ಒಂದು ಎಸ್-ಯೂನಿಟ್ ಅಂದರೆ 6 ಡೆಸಿಬೆಲ್. ನಾಲ್ಕಕ್ಕೆ 24, ಅಂದರೆ ಸುಮಾರು 250 ಪಟ್ಟು. ನಿಮಗೆ ಮೊದಲಿನಷ್ಟೇ ಸ್ಪಷ್ಟವಾಗಿ ಕೇಳಿಸಬೇಕಾದರೆ ಆ ಕಡೆಯವರು ತಮ್ಮ 100 ವ್ಯಾಟನ್ನು 25 ಕಿಲೋವ್ಯಾಟಿಗೆ ಏರಿಸಬೇಕು!

ಹಣಕಾಸು ಅಂಕಣದಲ್ಲಿ ಡೆಸಿಬೆಲ್ ಏಕೆ ಎಂದು ಕೇಳಬೇಡಿ. ಈ ಹವ್ಯಾಸದಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳುವುದೇ ಡೆಸಿಬೆಲ್. 100 ವ್ಯಾಟನ್ನು 400 ಮಾಡುವ ಆಂಪ್ಲಿಫೈಯರ್ ಕೊಂಡರೆ ಸಿಗುವುದು 6 ಡೆಸಿಬೆಲ್, ಅದೂ ಕಳಿಸುವ ದಿಕ್ಕಿನಲ್ಲಿ ಮಾತ್ರ. ತಿರುಗುವ ಮೂರು ಎಲಿಮೆಂಟಿನ ಯಾಗಿ, ಅದಕ್ಕೆ ಟವರ್, ರೋಟೇಟರ್ ಎಂದು ಲಕ್ಷದ ಕಡೆ ಹೊರಟರೂ ಡೈಪೋಲಿಗಿಂತ ಹೆಚ್ಚಿಗೆ ಸಿಗುವುದು ಸುಮಾರು ಅಷ್ಟೇ. ಅಂಥದ್ದರಲ್ಲಿ ಎರಡು ಮೂರು ಸಾವಿರ ಉಳಿಸಲು ಹೋಗಿ 24 ಡೆಸಿಬೆಲ್ ಕಳೆದುಕೊಳ್ಳುವುದು ಯಾವ ಲೆಕ್ಕ? ಮಾರುಕಟ್ಟೆಯಲ್ಲಿ ಇಷ್ಟು ಅಗ್ಗಕ್ಕೆ ಡೆಸಿಬೆಲ್ ಸಿಗುವ ಜಾಗ ಪವರ್ ಸಪ್ಲೈ ಒಂದೇ.

ಇನ್ನೊಂದು ತುದಿಯಲ್ಲಿ ಹ್ಯಾಮ್‌ಗಳಿಗೆಂದೇ ಮಾಡಿದ ಆಮದು ಸಪ್ಲೈಗಳಿವೆ. ಮೀಟರ್, ಸಿಗರೇಟ್ ಲೈಟರ್ ಸಾಕೆಟ್, ಹೊಳೆಯುವ ಮುಖಫಲಕ ಎಲ್ಲ ಇರುತ್ತದೆ. ಕೆಲವದರಲ್ಲಿ ಕಿರಿಕಿರಿಯ ಹಾರ್ಮೋನಿಕ್ಕನ್ನು ಅತ್ತಿತ್ತ ಸರಿಸುವ ಗುಂಡಿಯೂ ಉಂಟು. ಕಸ ಗುಡಿಸಿ ಪಕ್ಕದ ಕೋಣೆಗೆ ತಳ್ಳುವ ಉಪಾಯ ಅದು. ಸುಂಕ, ಜಿಎಸ್‌ಟಿ, ಸಾಗಣೆ ಸೇರಿ ಹದಿನೈದು ಸಾವಿರಕ್ಕೆ ಕಡಿಮೆ ಇಲ್ಲ. ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ. ನನ್ನ ಪ್ರಕಾರ ಆ ಹಣದ ಅರ್ಧ ಪೆಟ್ಟಿಗೆಯ ಅಂದಕ್ಕೆ ಹೋಗುತ್ತದೆ.

ನಾನು ಇಟ್ಟುಕೊಂಡಿರುವುದು ಕಾರ್ಖಾನೆಗಳ ಪ್ಯಾನೆಲ್‌ಗಳಿಗೆ ಹಾಕುವ ಮೀನ್‌ವೆಲ್ ಎಲ್‌ಆರ್‌ಎಸ್-350-12. ಮೂರು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತು. ಲೇಬಲ್ ಮೇಲೆ 12 ವೋಲ್ಟ್, 29 ಆಂಪಿಯರ್. ಟರ್ಮಿನಲ್ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿದರೆ 13.8ರವರೆಗೆ ಏರುತ್ತದೆ. ಆದರೆ ವೋಲ್ಟೇಜ್ ಏರಿಸಿದ ಮೇಲೂ 29 ಆಂಪಿಯರ್ ಕೇಳಬಾರದು. ಒಟ್ಟು ಶಕ್ತಿ 348 ವ್ಯಾಟ್, ಅದನ್ನು 13.8ರಿಂದ ಭಾಗಿಸಿದರೆ 25 ಆಂಪಿಯರ್. ನಮ್ಮ ರಿಗ್ಗಿಗೆ ಧಾರಾಳವಾಯಿತು. ಇದು ಬೋಳು ಡಬ್ಬಿ, 230 ವೋಲ್ಟಿನ ಟರ್ಮಿನಲ್ ಕೈಗೆ ಸಿಗುವಂತೆ ಇರುತ್ತದೆ. ಹಾಗಾಗಿ ಗಾಳಿಯಾಡುವ ಕಬ್ಬಿಣದ ಪೆಟ್ಟಿಗೆ, ಮೂರು ಪಿನ್ನಿನ ಒಳ್ಳೆಯ ವೈರ್, ಫ್ಯೂಸ್ ಹೋಲ್ಡರ್, ಫೆರೈಟ್ ರಿಂಗ್ ಎಂದು ಇನ್ನೆರಡು ಸಾವಿರ ಎತ್ತಿಡಬೇಕು. ಒಟ್ಟು ಐದು. ಮಕ್ಕಳಿರುವ ಮನೆಯಲ್ಲಿ ಪೆಟ್ಟಿಗೆಯ ಖರ್ಚಿಗೆ ಹಿಂದೆ ಮುಂದೆ ನೋಡಲೇಬಾರದು. ಪ್ಲಗ್ ಹಾಕುವ ಮೊದಲು ಪಕ್ಕದಲ್ಲಿರುವ 115/230 ಸ್ವಿಚ್ಚು 230ರಲ್ಲಿದೆಯೇ ನೋಡಿ. ಇಲ್ಲದಿದ್ದರೆ ಒಂದು ಢಬ್ ಶಬ್ದಕ್ಕೆ ಮೂರು ಸಾವಿರ.

ಫೆರೈಟ್ ವಿಷಯದಲ್ಲಿ ಎಸ್‌.ಪಿ. ರೋಡಿನಲ್ಲಿ ಸಿಗುವ ಹೆಸರಿಲ್ಲದ ಕಪ್ಪು ರಿಂಗುಗಳನ್ನು ನಂಬಬೇಡಿ. 31 ಮಿಕ್ಸ್ ಎಂಬ ಜಾತಿಯ ದೊಡ್ಡ ರಿಂಗಿಗೆ ಸಾವಿರದ ಹತ್ತಿರ ಆದರೂ ಕೊಡಿ, ಮೇನ್ಸ್ ವೈರನ್ನು ಅದರ ಮೇಲೆ ಎಂಟು ಹತ್ತು ಸುತ್ತು ಸುತ್ತಿ. ವೈರಿನ ಮೇಲೆ ಒಂದು ಸಲ ಕಚ್ಚಿಸಿ ಬಿಡುವ ಕ್ಲಿಪ್‌ಗಳಿಂದ 7 ಮೆಗಾಹರ್ಟ್ಸ್‌ನಲ್ಲಿ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಡಿಸಿ ವೈರ್ ಗಿಡ್ಡ ಇರಲಿ, ದಪ್ಪ ಇರಲಿ. ಮನೆಯ ಸಾಕೆಟ್ಟಿಗೆ ಎಳೆಯುವ 2.5 ಚದರ ಮಿಲಿಮೀಟರ್ ವೈರನ್ನೇ ಎರಡು ಮೀಟರ್ ದೂರಕ್ಕೆ ಎಳೆದರೆ 20 ಆಂಪಿಯರಿಗೆ 0.6 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 6 ಚದರ ಮಿಲಿಮೀಟರಿನದಾದರೆ ಕಾಲು ವೋಲ್ಟ್. ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಹಾಕಿದರೆ ಎಂಥ ಒಳ್ಳೆಯ ಎಸ್‌ಎಂಪಿಎಸ್ ಆದರೂ ರಿಗ್ಗಿನ ಮೈ ಮುಟ್ಟಿದಾಗ ಜುಮ್ಮೆನ್ನುತ್ತದೆ, ಫಿಲ್ಟರ್ ಕೂಡ ಅರ್ಧ ಕೆಲಸ ನಿಲ್ಲಿಸುತ್ತದೆ.

ಇಷ್ಟೆಲ್ಲ ಹೇಳಿದರೂ ಸೋದರಳಿಯನಿಗೆ ನನ್ನ ಮಾಡೆಲ್ ಆಗಿಬರುವಂತಿರಲಿಲ್ಲ. ಮಲ್ಟಿಮೀಟರ್ ಇಟ್ಟು ನೋಡು ಎಂದೆ. ಸಂಜೆ ಪಂಪ್‌ಸೆಟ್ ಶುರುವಾದಾಗ ಅವನ ಮನೆಯಲ್ಲಿ 170 ವೋಲ್ಟ್. ಲಿಂಗನಮಕ್ಕಿ ಇರುವ ಜಿಲ್ಲೆಯಲ್ಲೇ ಈ ಗತಿ! ಎಲ್‌ಆರ್‌ಎಸ್-350ಕ್ಕೆ ಕನಿಷ್ಠ 180 ಬೇಕು. ಅದೇ ಕಂಪನಿಯ ಆರ್‌ಎಸ್‌ಪಿ-320-13.5 ಅವನಿಗೆ ಸರಿಯಾದದ್ದು: 88ರಿಂದ 264 ವೋಲ್ಟಿನವರೆಗೆ ಯಾವುದು ಬಂದರೂ ತಾನೇ ಹೊಂದಿಕೊಳ್ಳುತ್ತದೆ, ಹುಟ್ಟಿನಿಂದಲೇ 13.5 ವೋಲ್ಟಿನದು, 23.8 ಆಂಪಿಯರ್ ಕೊಡುತ್ತದೆ. ಬೆಲೆ ಮಾತ್ರ ಎರಡರಷ್ಟು. “ಸಾವಿರ ಅಂದಿದ್ದೆ ಮಾವ, ಆರು ಸಾವಿರಕ್ಕೆ ತಂದಿಟ್ರಲ್ಲ” ಎಂದ. ಸ್ಟೆಬಿಲೈಸರ್ ಬೇರೆ ಕೊಳ್ಳುವುದಾದರೆ ಅದಕ್ಕೂ ದುಡ್ಡೇ ಅಲ್ಲವೇನೋ ಎಂದೆ.

ಹಣ ಹೊಂದುವವರೆಗೆ ಅವನಿಗೆ ಹೇಳಿಕೊಟ್ಟ ದಾರಿ ಬಹಳ ಮನೆಗಳಲ್ಲಿ ಪುಕ್ಕಟೆಯಾಗಿ ಬಿದ್ದಿದೆ. ಇನ್‌ವರ್ಟರಿಗೆ ಇಟ್ಟ 12 ವೋಲ್ಟ್ 150 ಆಂಪಿಯರ್-ಅವರ್ ಬ್ಯಾಟರಿ. ಐಸಿ-7300 ಥರದ ರಿಗ್ಗುಗಳು 13.8 ವೋಲ್ಟಿಗೆ ಶೇಕಡಾ 15 ಮೇಲೆ ಕೆಳಗೆ ತಾಳುತ್ತವೆ, ಅಂದರೆ 11.7ರಿಂದ 15.9. ತುಂಬಿದ ಬ್ಯಾಟರಿ, ಚಾರ್ಜ್ ಆಗುತ್ತಿರುವ ಬ್ಯಾಟರಿ ಎರಡೂ ಈ ಮಿತಿಯೊಳಗೇ ಇರುತ್ತವೆ. ಬ್ಯಾಟರಿಯ ಬುಡದಲ್ಲೇ ಎರಡೂ ತಂತಿಗೆ 25–30 ಆಂಪಿಯರಿನ ಫ್ಯೂಸ್ ಹಾಕಿ, ಮಾತಾಡುವಾಗ ಇನ್‌ವರ್ಟರ್ ಆಫ್ ಮಾಡಿದರೆ ಇದಕ್ಕಿಂತ ಗದ್ದಲವಿಲ್ಲದ ಸಪ್ಲೈ ಇಲ್ಲ. ಎರಡು ಬ್ಯಾಟರಿಯ ಇನ್‌ವರ್ಟರ್ ಆದರೆ ಅದು 24 ವೋಲ್ಟ್. ಆ ತಂತಿಯನ್ನು ಮುಟ್ಟಬೇಡಿ.

ಕೊಳ್ಳಲು ಹೋಗುವಾಗ ಒಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೋ, ಮಲ್ಟಿಮೀಟರ್, ಕಾರಿನ ನಾಲ್ಕು ಹೆಡ್‌ಲೈಟ್ ಬಲ್ಬು ಜೊತೆಗಿರಲಿ. 55 ವ್ಯಾಟಿನ ಒಂದೊಂದು ಬಲ್ಬೂ ಐದು ಆಂಪಿಯರಿನಷ್ಟು ಎಳೆಯುತ್ತದೆ, ಒಂದಾದ ಮೇಲೊಂದು ಹಚ್ಚಿದರೆ ಇಪ್ಪತ್ತಾಯಿತು. ಒಟ್ಟಿಗೆ ಹಚ್ಚಿದರೆ ತಣ್ಣಗಿನ ಫಿಲಮೆಂಟ್ ಎಳೆಯುವ ರಭಸಕ್ಕೆ ಒಳ್ಳೆಯ ಸಪ್ಲೈ ಕೂಡ ಟ್ರಿಪ್ ಆದೀತು. ಭಾರ ಬಿದ್ದಾಗ ಟರ್ಮಿನಲ್ಲಿನ ವೋಲ್ಟೇಜ್ 0.2ಕ್ಕಿಂತ ಹೆಚ್ಚು ಕುಸಿಯಬಾರದು. ಆಮೇಲೆ ಟ್ರಾನ್ಸಿಸ್ಟರನ್ನು ಮೀಡಿಯಂ ವೇವಿಗೆ ಹಾಕಿ, 612 ಕಿಲೋಹರ್ಟ್ಸ್‌ನ ಆಕಾಶವಾಣಿ ಬೆಂಗಳೂರನ್ನು ಬಿಟ್ಟು ಖಾಲಿ ಜಾಗಕ್ಕೆ ತಿರುಗಿಸಿ, ಒಂದು ಮೀಟರ್ ದೂರದಿಂದ ಹತ್ತಿರ ತನ್ನಿ. ಅಂಗಡಿಯ ಸುತ್ತ ನೂರು ಸಪ್ಲೈ ಓಡುತ್ತಿರುವುದರಿಂದ ಸದ್ದು ಇದ್ದೇ ಇರುತ್ತದೆ, ಸ್ವಿಚ್ ಹಾಕಿದಾಗ ಎಷ್ಟು ಹೆಚ್ಚಿತು ಎಂಬುದಷ್ಟೇ ಮುಖ್ಯ. “ಸಾರ್, ಯಾರೂ ಇಷ್ಟೆಲ್ಲಾ ನೋಡಲ್ಲ ಸಾರ್” ಎಂದು ಅಂಗಡಿಯವರು ನಗುತ್ತಾರೆ. ನಗಲಿ.

ಹೆಸರುವಾಸಿ ಕಂಪನಿಗಳ ನಕಲಿ ಲೇಬಲ್ ಅಂಟಿಸಿದ ಮಾಲೂ ಅದೇ ರಸ್ತೆಯಲ್ಲಿ ಸಿಗುತ್ತದೆ, ತೂಕ ಹಗುರ, ಬೆಲೆ ಅರ್ಧ. ಅಧಿಕೃತ ಡೀಲರಿಂದಲೇ ಕೊಳ್ಳಿ, ಮಾಡೆಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಎಲ್‌ಆರ್‌ಎಸ್ ಸರಣಿಗೆ ಮೂರು ವರ್ಷದ ವಾರಂಟಿ ಇದೆ, ಬಿಲ್ ಇಲ್ಲದಿದ್ದರೆ ಅದು ಇಲ್ಲ.