ಅಂಕಿಯ ಮೂಲ ಹುಡುಕಿ, ಆಮೇಲೆ ಬರೆಯಿರಿ

ನದಿ ಮೂಲ, ಋಷಿ ಮೂಲ ಹುಡುಕಬಾರದು ಎನ್ನುತ್ತಾರೆ. ವಿದ್ಯುತ್ತಿನ ಬಗ್ಗೆ ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿಗಳು ಮಾತ್ರ ಪ್ರತಿ ಅಂಕಿಯ ಮೂಲವನ್ನೂ ಹುಡುಕಲೇಬೇಕು. ಅದಕ್ಕೊಂದು ದಾರಿ ಇಲ್ಲಿದೆ.

1. ಪ್ರಶ್ನೆಯನ್ನು ಕಿರಿದಾಗಿಸಿ
'ಸೌರಶಕ್ತಿ' ಎಂದು ಹುಡುಕಿದರೆ ರಾಶಿ ಮಾಹಿತಿ ಬಂದು ಬೀಳುತ್ತದೆ. 'ಮಳೆಗಾಲದಲ್ಲಿ ಕರ್ನಾಟಕದ ಸೌರ ವಿದ್ಯುತ್ ಎಷ್ಟು ಇಳಿಯುತ್ತದೆ?' ಎಂದು ಕೇಳಿಕೊಂಡರೆ ಯಾವ ಅಂಕಿ ಬೇಕೆಂಬುದು ನಿಮಗೇ ಹೊಳೆಯುತ್ತದೆ.

2. ಲೆಕ್ಕ ಇಡುವವರ ಬಳಿಗೇ ಹೋಗಿ
ಕೇಂದ್ರ ವಿದ್ಯುತ್ ಪ್ರಾಧಿಕಾರವು ರಾಜ್ಯವಾರು ಉತ್ಪಾದನೆಯ ಲೆಕ್ಕವನ್ನು ತಿಂಗಳು ತಿಂಗಳೂ ಕೊಡುತ್ತದೆ. ಕೇಂದ್ರ ಸಾಂಖ್ಯಿಕ ಸಚಿವಾಲಯದ 'ಎನರ್ಜಿ ಸ್ಟ್ಯಾಟಿಸ್ಟಿಕ್ಸ್ ಇಂಡಿಯಾ' ವರ್ಷಕ್ಕೊಮ್ಮೆ ಬರುತ್ತದೆ. ನಮ್ಮ ರಾಜ್ಯದ ದರಗಳಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶಗಳೇ ಆಧಾರ. ಇವೆಲ್ಲ ಆಯಾ ಸಂಸ್ಥೆಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

3. ಅಳತೆಯ ಮಾನ ನೋಡಿ
'ಪಾವಗಡ ಸೌರ ಪಾರ್ಕ್ ದಿನಕ್ಕೆ 2,050 ಮೆಗಾವ್ಯಾಟ್ ಉತ್ಪಾದಿಸುತ್ತದೆ' ಎಂಬ ವಾಕ್ಯ ತಪ್ಪು. ಮೆಗಾವ್ಯಾಟ್ ಎಂಬುದು ಸಾಮರ್ಥ್ಯ. ಉತ್ಪಾದನೆಯ ಲೆಕ್ಕ ಯೂನಿಟ್‌ಗಳಲ್ಲಿ. 1 ಮೆಗಾವ್ಯಾಟ್ ಘಟಕ ಪೂರ್ಣ ಸಾಮರ್ಥ್ಯದಲ್ಲಿ 1 ಗಂಟೆ ನಡೆದರೆ 1,000 ಯೂನಿಟ್. ಸೌರ ಫಲಕ ಮೋಡ ಕವಿದಾಗ ಕಡಿಮೆ ಕೊಡುತ್ತದೆ, ರಾತ್ರಿ ಏನೂ ಕೊಡುವುದಿಲ್ಲ.

4. ತಾರೀಖು ನೋಡಿ
ಇದೇ ಪಾರ್ಕ್ ಬಗ್ಗೆ 2018ರ ಮಾರ್ಚ್ ತಿಂಗಳ ಸುದ್ದಿಯಲ್ಲಿ 600 ಮೆಗಾವ್ಯಾಟ್ ಎಂದಿದ್ದರೆ ಗಾಬರಿ ಬೇಡ. ಆಗ ಚಾಲೂ ಆಗಿದ್ದು ಅಷ್ಟೇ. 2,050 ಆದದ್ದು 2019ರ ಕೊನೆಗೆ. ಎರಡೂ ಸರಿ, ವರ್ಷ ಬರೆಯದಿದ್ದರೆ ಎರಡೂ ದಾರಿ ತಪ್ಪಿಸುತ್ತವೆ. ಸರ್ಕಾರಿ ವರದಿಗಳಲ್ಲಿ '2023-24' ಎಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಂಬುದೂ ನೆನಪಿರಲಿ.

5. ತಾಳೆ ನೋಡಿ
ಫಲಕ ಮಾರುವ ಕಂಪನಿ ತನ್ನ ಸರಕನ್ನು ಹೊಗಳುವುದು ಸಹಜ. ಅದರ ಅಂಕಿಯನ್ನು ಇನ್ನೊಂದು ಕಡೆ ಸರಿನೋಡಿ. ಹತ್ತು ಜಾಲತಾಣಗಳು ಒಂದೇ ವರದಿಯಿಂದ ನಕಲು ಮಾಡಿದ್ದರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ. ವರದಿಯ ಹೆಸರು, ವರ್ಷ, ಪುಟಸಂಖ್ಯೆಯನ್ನು ಓದುವಾಗಲೇ ಗುರುತು ಹಾಕಿಕೊಳ್ಳಿ.

6. ನೀವೂ ಅಳೆಯಿರಿ
ಏಳು ದಿನ, ಬೆಳಿಗ್ಗೆ ಒಂದೇ ಹೊತ್ತಿಗೆ, ಮನೆಯ ಮೀಟರ್ ರೀಡಿಂಗ್ ಬರೆದಿಡಿ. ಇವತ್ತಿನದರಲ್ಲಿ ನಿನ್ನೆಯದನ್ನು ಕಳೆದರೆ ಒಂದು ದಿನದ ಯೂನಿಟ್. ಒಂದು ದಿನ ಮರೆತರೆ ಪಟ್ಟಿಯಲ್ಲಿ ಆ ಜಾಗ ಖಾಲಿಯೇ ಇರಲಿ, ಅಂದಾಜಿನಿಂದ ತುಂಬಬೇಡಿ. ಆ ಖಾಲಿ ಜಾಗವನ್ನು ಹಾಗೇ ಬಿಡಲು ಕಲಿತವರಿಗೆ, ಬೇರೆಯವರ ಅಂಕಿ ಕಂಡಾಗ ಯಾರು ಅಳೆದರು, ಯಾವಾಗ ಅಳೆದರು ಎಂದು ಕೇಳುವುದು ತಾನಾಗಿ ಬರುತ್ತದೆ.