ಪತ್ತನಾಜೆಗೆ ಮೊದಲೇ ಬಂದುಬಿಡು

ನಿನ್ನ ಪಟ್ಟಿ ನೋಡಿದೆ ಮಾರಾಯ್ತಿ. ಶುಕ್ರವಾರ ರಾತ್ರಿ ಬೆಂಗಳೂರು ಬಿಡುವುದು. ಶನಿವಾರ ಪಣಂಬೂರು, ಕಾಪು, ಉಡುಪಿ, ಮಲ್ಪೆ. ಭಾನುವಾರ ಮರವಂತೆ, ಮುರುಡೇಶ್ವರ, ಗೋಕರ್ಣ, ಸಂಜೆಗೆ ಕಾರವಾರ. ಸೋಮವಾರ ಮತ್ತೆ ಆಫೀಸು. ನಡುವೆ ಎಲ್ಲೋ ‘ಒಂದು ಯಕ್ಷಗಾನ, ಸಿಕ್ಕರೆ ಒಂದು ಭೂತಕೋಲ’ ಅಂತ ಬೇರೆ ಬರೆದಿದ್ದೀ. ಮಂಗಳೂರಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ಹೀಗೆ ಬಂದರೆ ನಿನಗೆ ಕಾಣುವುದು ರಾಷ್ಟ್ರೀಯ ಹೆದ್ದಾರಿ 66 ಮತ್ತು ಅದರ ಪಕ್ಕದ ಹೋಟೆಲುಗಳು. ಅದಕ್ಕಾಗಿ ಘಟ್ಟ ಇಳಿಯಬೇಕಾಗಿಲ್ಲ.

ಅರ್ಧಕ್ಕರ್ಧ ಹೊಡೆದುಹಾಕು. ಒಂದೇ ಊರಲ್ಲಿ ನಿಲ್ಲು. ಉಡುಪಿಯೋ ಕುಂದಾಪುರವೋ ಆದರೆ ಎರಡೂ ಕಡೆಗೆ ಅನುಕೂಲ. ಗೋಕರ್ಣವೇ ಬೇಕೆಂದರೆ ಉಡುಪಿ ಬಿಡು, ಅದಕ್ಕೆ ಇನ್ನೊಂದು ಸಲ ಬಾ. ಅದಕ್ಕಿಂತ ಮುಖ್ಯ, ಯಾವಾಗ ಬರುತ್ತೀ ಅನ್ನುವುದು. ನೀನು ನಿನ್ನ ರಜೆ ನೋಡಿ ದಿನ ಗೊತ್ತು ಮಾಡಿದ್ದೀ. ಇಲ್ಲಿ ಕಡಲು, ಮೀನು, ದೈವ, ಮೇಳ ಎಲ್ಲವೂ ನಡೆಯುವುದು ಅವುಗಳದ್ದೇ ಪಂಚಾಂಗದ ಮೇಲೆ. ನಿನಗೋಸ್ಕರ ಯಾವುದೂ ಕಾದು ಕೂತಿರುವುದಿಲ್ಲ.

ಪತ್ತನಾಜೆ ಅಂತ ಒಂದು ದಿನ ಇದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸಿಗೆ ಬರುತ್ತದೆ. ಅಂದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಕೋಲ, ನೇಮ, ಜಾತ್ರೆ ಎಲ್ಲಕ್ಕೂ ತೆರೆ. ವಾರ ಕಳೆದರೆ ಜೂನ್ 1. ಯಾಂತ್ರಿಕ ಬೋಟುಗಳು ಜುಲೈ 31ರವರೆಗೆ ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮೊಟ್ಟೆಯಿಡುವ ಕಾಲ ಅಂತ ಸರಕಾರದ ನಿಷೇಧ. ಅಷ್ಟರಲ್ಲಿ ಮಳೆಯೂ ಹಿಡಿಯುತ್ತದೆ. ಯಕ್ಷಗಾನದ ಆಟ, ಕೋಲ ಮತ್ತೆ ಚಿಗುರುವುದು ದೀಪಾವಳಿ ಕಳೆದ ಮೇಲೆ. ಆದ್ದರಿಂದ ನವೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಬಾ. ಮಾರ್ಚ್ ದಾಟಿದರೆ ಆಟ, ಕೋಲ ಸಿಗುತ್ತವೆ, ಆದರೆ ಸೆಕೆಗೆ ನಿನ್ನ ಗೆಳತಿಯರು ಎರಡನೇ ದಿನವೇ ಏಸಿ ಕೋಣೆ ಬಿಟ್ಟು ಏಳುವುದಿಲ್ಲ.

ಆಟಕ್ಕೆ ಬರೋಣ. ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಊಟದ ಹೊತ್ತಿಗೆ ಎರಡು ವೇಷ ಕುಣಿಸಿ ಯಕ್ಷಗಾನ ಅನ್ನುತ್ತಾರಲ್ಲ, ಅದಕ್ಕೆ ದುಡ್ಡು ಕೊಡಬೇಡ. ಹಳ್ಳಿಯ ಗದ್ದೆಯಲ್ಲಿ ಹರಕೆಯ ಬಯಲಾಟ ನಡೆಯುತ್ತದೆ, ಅಲ್ಲಿಗೆ ಹೋಗು. ಮಗು ಹುಟ್ಟಿತು, ಮನೆ ಎದ್ದಿತು, ಕಾಯಿಲೆ ವಾಸಿಯಾಯಿತು ಅಂತ ಹರಕೆ ಹೊತ್ತವರು ಆಡಿಸುವ ಆಟ ಅದು. ಖರ್ಚು ಅವರದ್ದು, ನೋಡಲು ಟಿಕೆಟ್ ಇಲ್ಲ. ಕಟೀಲು, ಮಂದಾರ್ತಿಯಂಥ ಮೇಳಗಳಿಗೆ ಹರಕೆಯಾಟ ಬರೆಸಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಕರೆಯದೆ ಹೋದರೆ ಏನಾದರೂ ಅಂದಾರು ಅನ್ನುವ ಸಂಕೋಚ ಬೇಡ. ಎಷ್ಟೋ ಕಡೆ ಬಂದವರಿಗೆಲ್ಲ ಊಟವೂ ಇರುತ್ತದೆ.

ಈಗ ಹಲವು ಮೇಳಗಳದ್ದು ಕಾಲಮಿತಿ ಆಟ, ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಬೆಳಗಿನ ತನಕ ಆಡುವ ಮೇಳ ಸಿಕ್ಕರೆ ಮಾತ್ರ ಮಧ್ಯದಲ್ಲಿ ಎದ್ದು ಬರಬೇಡ. ‘ದೇವಿ ಮಹಾತ್ಮೆ’ ಆಗಿದ್ದರೆ ಮಹಿಷಾಸುರ ರಂಗದಿಂದ ಬರುವುದಿಲ್ಲ; ಕೂತ ಜನರ ಬೆನ್ನ ಹಿಂದಿನಿಂದ, ದೊಂದಿಯ ಬೆಂಕಿ, ರಾಳದ ಹೊಗೆ, ಬೊಬ್ಬೆಯೊಡನೆ ನುಗ್ಗುತ್ತಾನೆ. ಆ ಹೊತ್ತಿಗೆ ನೀನು ಲಾಡ್ಜಿನಲ್ಲಿ ಮಲಗಿದ್ದರೆ ನಷ್ಟ ನಿನ್ನದೇ. ಮಂಗಳೂರು ಕಡೆಯದು ತೆಂಕುತಿಟ್ಟು, ಕಿರೀಟ ದೊಡ್ಡದು, ಗಿರಗಿರನೆ ಹಾರುವ ಧಿಗಿಣ ಅದರ ಸೊಗಸು. ಉಡುಪಿಯಿಂದ ಬಡಗಿಗೆ ಬಡಗುತಿಟ್ಟು, ಅಲ್ಲಿ ಮುಂಡಾಸು, ಮಂಡಿಕುಣಿತ. ಯಾವುದು ಮೇಲು ಅಂತ ಚಹಾದಂಗಡಿಯಲ್ಲಿ ಮಾತ್ರ ಕೇಳಬೇಡ, ಬಸ್ಸು ತಪ್ಪುತ್ತದೆ.

ಇನ್ನೊಂದು. ಪದ್ಯ ಭಾಗವತರ ಬಾಯಲ್ಲಿ ಮೊದಲೇ ಇರುತ್ತದೆ, ಆದರೆ ವೇಷಧಾರಿ ಆಡುವ ಅರ್ಥ ಆ ಕ್ಷಣದ್ದು. ಬರೆದುಕೊಟ್ಟ ಮಾತಿಲ್ಲ. ಎದುರು ನಿಂತವನು ಒಂದು ಕೊಂಕು ತೆಗೆದರೆ ಇವನು ಅಲ್ಲೇ ಉತ್ತರ ಹುಟ್ಟಿಸಬೇಕು, ಅದೂ ಒಂದು ಇಂಗ್ಲಿಷ್ ಪದ ನುಸುಳದ ಕನ್ನಡದಲ್ಲಿ. ಹೊರದೇಶದವರು ಬಂದು ಬಣ್ಣ ನೋಡಿ ಹೋಗುತ್ತಾರೆ, ಅವರಿಗೆ ಅಷ್ಟೇ ಸಾಧ್ಯ. ನೀನು ಕನ್ನಡದ ಹುಡುಗಿ, ಕಿವಿ ಕೊಟ್ಟು ಕೂರು. ಪ್ರಸಂಗದ ಕಥೆ ಪಕ್ಕದ ಅಜ್ಜಿಯ ಹತ್ತಿರ ಮೊದಲೇ ಕೇಳಿಕೊ, ಸಂತೋಷದಿಂದ ಹೇಳುತ್ತಾಳೆ. ಚೌಕಿಗೆ ಹೋಗಿ ಬಣ್ಣ ಹಚ್ಚುವುದನ್ನು ನೋಡಬಹುದು, ಚಪ್ಪಲಿ ಹೊರಗಿಟ್ಟು. ಅಲ್ಲಿ ದೇವರ ಪೆಟ್ಟಿಗೆ ಇರುತ್ತದೆ.

ಕೋಲದ ವಿಷಯ ಹಾಗಲ್ಲ. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಘಟ್ಟದ ಮೇಲಿನವರಿಗೆಲ್ಲ ಪಂಜುರ್ಲಿ, ಗುಳಿಗ ಗೊತ್ತಾಗಿದ್ದಾರೆ. ಆಗಲಿ, ಕೆಟ್ಟದ್ದೇನಲ್ಲ. ಆದರೆ ಸಿನಿಮಾ ನೋಡಿದ ಧೈರ್ಯದಲ್ಲಿ ಕೋಲದ ಎದುರು ನಿಂತು ಸಿನಿಮಾದ ಆ ಕೂಗು ಕೂಗುವವರೂ ರೀಲ್ಸ್ ಮಾಡುವವರೂ ಬಂದರು. ಎಷ್ಟೋ ದೈವಸ್ಥಾನಗಳಲ್ಲಿ ಮೊಬೈಲ್ ಬೇಡ ಅಂತ ಬೋರ್ಡು ಬಿದ್ದದ್ದು ಸುಮ್ಮನೆ ಅಲ್ಲ. ಕೋಲ ಕಲಾಪ್ರದರ್ಶನ ಅಲ್ಲ ಮಗಳೇ. ಒಂದು ಕುಟುಂಬ ಅಥವಾ ಒಂದು ಊರು ತನ್ನ ದೈವವನ್ನು ಎದುರು ಕರೆದು ಕಷ್ಟ ಹೇಳಿಕೊಳ್ಳುವ, ಜಗಳ ತೀರಿಸಿಕೊಳ್ಳುವ ರಾತ್ರಿ. ಎಷ್ಟೋ ಮನೆಗಳಲ್ಲಿ ಕೋರ್ಟಿಗೆ ಹೋಗದ ಜಾಗದ ತಕರಾರು ದೈವದ ನುಡಿಯಲ್ಲಿ ಇತ್ಯರ್ಥವಾಗುತ್ತದೆ. ಅದು ತುಳುವಿನಲ್ಲಿ ನಡೆಯುತ್ತದೆ, ನಿನಗೆ ಅರ್ಥವಾಗದು, ಅರ್ಥವಾಗಲೇಬೇಕೆಂದೂ ಇಲ್ಲ. ದೂರದಲ್ಲಿ ನಿಂತು ನೋಡು, ಫೋಟೊ ಬೇಕಿದ್ದರೆ ಮನೆಯ ಯಜಮಾನರನ್ನು ಕೇಳು, ಬೇಡ ಅಂದರೆ ಚರ್ಚೆಗಿಳಿಯಬೇಡ. ದೈವ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಆ ರಾತ್ರಿ ಊರಿನ ದೊಡ್ಡವರೆಲ್ಲ ಅವರೆದುರು ಕೈಮುಗಿದು ನಿಲ್ಲುತ್ತಾರೆ. ಬೆಳಗಾದ ಮೇಲೆ ಅದೇ ಗೌರವ ಅವರಿಗೆ ಎಷ್ಟು ಕಡೆ ಸಿಗುತ್ತದೆ ಅನ್ನುವುದು ನಾವು ಇಲ್ಲಿಯವರು ಉತ್ತರ ಕೊಡಬೇಕಾದ ಪ್ರಶ್ನೆ.

ಇನ್ನು ಕಡಲು. ಇದನ್ನು ನಿನ್ನ ಗೆಳತಿಯರಿಗೂ ಓದಿ ಹೇಳು.

ನೀರು ಶಾಂತವಾಗಿದೆ ಅಂತ ನೀನು ಆರಿಸುವ ಜಾಗವೇ ಅಪಾಯದ್ದು. ಅಲೆ ದಡಕ್ಕೆ ತಂದು ಸುರಿದ ನೀರು ಹಿಂದೆ ಹೋಗಬೇಕಲ್ಲ, ಅದು ಮರಳಿನ ನಡುವಿನ ಕಿರಿದಾದ ಓಣಿಯಲ್ಲಿ ಒಟ್ಟಾಗಿ ರಭಸದಿಂದ ಹೊರಗೆ ಓಡುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ. ಎರಡು ಕಡೆ ಬಿಳಿ ನೊರೆ, ನಡುವೆ ಕಪ್ಪಗೆ ನಯವಾದ ಪಟ್ಟಿ ಕಂಡರೆ ಅಲ್ಲಿ ಕಾಲಿಡಬೇಡ. ಸೆಳೆತಕ್ಕೆ ಸಿಕ್ಕವರು ಸಾಯುವುದು ಹೆಚ್ಚಾಗಿ ದಡದ ಕಡೆಗೇ ನೇರ ಈಜಲು ಹೋಗಿ, ಸುಸ್ತಾಗಿ. ಸೆಳೆತ ನಿನ್ನನ್ನು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೆ. ತೇಲು, ಕೈ ಎತ್ತಿ ಕೂಗು, ದಡಕ್ಕೆ ಸಮಾನಾಂತರವಾಗಿ ಸರಿ. ಓಣಿ ದಾಟಿದ ಮೇಲೆ ಅಲೆಯೇ ತಂದು ಹಾಕುತ್ತದೆ. ಒಬ್ಬಳು ಸಿಕ್ಕಿಬಿದ್ದಳೆಂದು ನಾಲ್ಕು ಜನ ಕೈಹಿಡಿದು ಇಳಿಯುವುದು ಬೇಡವೇ ಬೇಡ. ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆ, ಜೀವರಕ್ಷಕರನ್ನು ಕರೆ.

ಹೊಳೆ ಕಡಲು ಸೇರುವ ಅಳಿವೆಗಳಲ್ಲಿ ನೀರಿಗೆ ಇಳಿಯಬೇಡ. ಕೋಡಿಬೆಂಗ್ರೆ ಚಂದ ನಿಜ, ದಡದಲ್ಲೇ ಕೂತು ನೋಡು. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ, ಅಲ್ಲಿಂದ ಹಾಫ್ ಮೂನ್ ಅಂತ ಬಂಡೆಗಳ ಮೇಲೆ ನಡೆಯುವವರಿದ್ದಾರೆ. ಉಬ್ಬರದ ಹೊತ್ತು ಕೇಳಿಕೊಂಡು ಹೊರಡು. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಇನ್ನೂ ಜೋರು. ಮಳೆಗಾಲದಲ್ಲಿ ಬಂದರೆ ಕಡಲನ್ನು ಕಣ್ಣಲ್ಲಿ ಮಾತ್ರ ನೋಡುವುದು. ಈಜಲೇಬೇಕು ಅಂದರೆ ಪಡುಬಿದ್ರಿ ಅಥವಾ ಹೊನ್ನಾವರದ ಕಾಸರಕೋಡಿಗೆ ಹೋಗು. 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ ತೀರಗಳು, ಕಾವಲಿಗೆ ಜನ ಇರುತ್ತಾರೆ. ಬಾವುಟ ಕೆಂಪಾದರೆ ಅಲ್ಲೂ ಇಳಿಯಬೇಡ.

ಊಟದಲ್ಲೂ ಕಾಲ ನೋಡು. ಜುಲೈಯಲ್ಲಿ ಅಂಜಲ್ ಫ್ರೈ ಆರ್ಡರ್ ಮಾಡಿದರೆ ಐಸಿನಲ್ಲಿ ದೂರದಿಂದ ಬಂದದ್ದೇ ತಟ್ಟೆಗೆ ಬರುವುದು. ಆ ತಿಂಗಳಲ್ಲಿ ಬಂದವರು ನಾಡದೋಣಿಯವರು ತಂದದ್ದು ಇದ್ದರೆ ತಿನ್ನಬೇಕು, ಇಲ್ಲವಾದರೆ ತುಳುವರ ಆಟಿ ತಿಂಗಳ ಅಡುಗೆ: ಪತ್ರೊಡೆ, ಕಳಲೆ, ತಜಂಕ್ ಪಲ್ಯ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಒಣಮೀನಿನ ಚಟ್ನಿ. ನಮ್ಮ ಬಡತನದ ದಿನಗಳ ಊಟ, ಈಗ ಹೋಟೆಲುಗಳಲ್ಲಿ ಆಟಿ ಸ್ಪೆಷಲ್ ಆಗಿ ಮೆರೆಯುತ್ತಿದೆ. ನೀನು ಬರುವುದು ಚಳಿಗಾಲಕ್ಕೆ ಆದ್ದರಿಂದ ಚಿಂತೆಯಿಲ್ಲ. ಬಂಗುಡೆ, ಬೂತಾಯಿ ತಿನ್ನು. ಅಗ್ಗದ ಮೀನು, ಆದರೆ ರುಚಿಯಲ್ಲಿ ಅಂಜಲ್ ಅವುಗಳ ಹತ್ತಿರ ಬರುವುದಿಲ್ಲ, ಇದು ನನ್ನ ಖಚಿತ ಅಭಿಪ್ರಾಯ. ಮೀನು ತಿನ್ನದವರಿಗೆ ಮಟ್ಟುಗುಳ್ಳದ ಹುಳಿ, ನೀರುದೋಸೆ, ಗೋಳಿಬಜೆ ಇವೆ. ಬಿಸಿಲಿಗೆ ಪುನರ್ಪುಳಿ ಶರಬತ್ತು.

ಮಲ್ಪೆ ಬಂದರಿಗೆ ಬೆಳಕು ಹರಿಯುವ ಮೊದಲು ಹೋದರೆ ಏಲಂ ನೋಡಬಹುದು. ಅದು ಕೆಲಸದ ಜಾಗ, ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಂತು ಸೆಲ್ಫಿ ತೆಗೆಯಬೇಡ. ಮೀನು ಮಾರುವ ಹೆಂಗಸರ ಬಾಯಿಗೆ ಬಿದ್ದರೆ ನಾನು ಬಂದರೂ ಬಿಡಿಸಲಾರೆ. ದಡದಲ್ಲಿ ಕೈರಂಪಣಿ ಎಳೆಯುವುದು ಕಂಡರೆ ನಿಲ್ಲು. ಹಿಂದೆ ಊರಿಗೆ ಊರೇ ಸೇರಿ ದೊಡ್ಡ ರಂಪಣಿ ಬಲೆ ಎಳೆದು ಮೀನು ಹಂಚಿಕೊಳ್ಳುತ್ತಿತ್ತು. ಎಪ್ಪತ್ತರ ದಶಕದಲ್ಲಿ ಪರ್ಸಿನ್ ಬೋಟುಗಳು ಬಂದವು, ಮೀನಿನ ಹಿಂಡನ್ನು ಆಚೆಯೇ ಬಳಸಿ ಹಿಡಿದವು, ರಂಪಣಿ ನಿಂತೇ ಹೋಯಿತು. ಈಗ ಉಳಿದಿರುವುದು ಅದರ ಸಣ್ಣ ರೂಪ. ಕೇಳಿದರೆ ಹಗ್ಗಕ್ಕೆ ಕೈ ಹಚ್ಚಲು ಬಿಡುತ್ತಾರೆ.

ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇದೆ, ಮಳೆಗಾಲದಲ್ಲಿ ಇಲ್ಲ. ಎಂಟು ಕೋಟಿ ವರ್ಷಕ್ಕೂ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳುವ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಕಂಬಕಂಬವಾಗಿ ನಿಂತಿದೆ. ಉಡುಪಿಯ ಕೃಷ್ಣಮಠಕ್ಕೆ ಹೋದರೆ ಗಂಡಸರು ಅಂಗಿ ತೆಗೆಯಬೇಕು, ನಿನ್ನ ತಮ್ಮನಿಗೆ ಮೊದಲೇ ಹೇಳಿಡು. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ. ಆ ವಾರ ಕೋಣೆ ಸಿಗದು. ಕಾರ್ಕಳದ 1432ರ ಗೊಮ್ಮಟನಿಗೆ ಅರ್ಧ ದಿನ ಇಡು. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಅಲ್ಲಿಂದ ಹೆಚ್ಚು ದೂರವಿಲ್ಲ.

ರಾತ್ರಿ ಕಾರು ಓಡಿಸಿಕೊಂಡು ಘಟ್ಟ ಇಳಿಯುವ ಯೋಚನೆ ಬಿಡು. ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಕರಾವಳಿಯಲ್ಲಿ ಇಳಿಯುತ್ತೀ. ಊರೊಳಗೆ ಓಡಾಡಲು ಸಿಟಿ ಬಸ್ಸು ಸಾಕು, ಕಂಡಕ್ಟರು ಎಲ್ಲಿ ಇಳಿಯಬೇಕೆಂದು ಹೇಳುತ್ತಾನೆ. ಯಾವ ಮೇಳದ ಆಟ ಎಲ್ಲಿ ಅಂತ ಇಲ್ಲಿಯ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಟಿಕೆಟ್ ಮಾಡುವ ಮೊದಲು ನನಗೊಂದು ಫೋನ್ ಹಚ್ಚು. ಆ ವಾರ ನಮ್ಮ ಹತ್ತಿರ ಎಲ್ಲಿ ಆಟ ಇದೆ ಅಂತ ವಿಚಾರಿಸಿ ಇಡುತ್ತೇನೆ.