ಮನೆಯ ಶಾಸನ, ಶಾಲೆಯ ಅಂಗಳ

ಬಲಿಷ್ಠನಾದ ಹುಡುಗನೊಬ್ಬನು ದುರ್ಬಲನನ್ನು ದಿನದಿನವೂ ಗೋಳುಹೊಯ್ದುಕೊಳ್ಳುವ ಪೀಡೆಯ ಬೇರು ಆಟದ ಬಯಲಿಗಿಂತ ಹೆಚ್ಚಾಗಿ ಮನೆಯ ಪಡಸಾಲೆಯಲ್ಲಿರುತ್ತದೆಂಬುದು, ಪ್ರೌಢಶಾಲೆಯ ಉಪಾಧ್ಯಾಯವೃತ್ತಿಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ, ದೂರಿನ ನಿಮಿತ್ತ ಬಂದು ನಿಂತ ತಂದೆತಾಯಿಗಳು ಮಕ್ಕಳೊಡನೆ ಆಡುತ್ತಿದ್ದ ಮಾತಿನ ಧಾಟಿಯಿಂದಲೇ ಮನದಟ್ಟಾಯಿತು.

ಒಂಬತ್ತನೆಯ ತರಗತಿಯವನೊಬ್ಬನು ಚಿಕ್ಕ ಹುಡುಗನಿಂದ ಚೀಲ ಹೊರಿಸಿ, ಅವನ ಬುತ್ತಿಯನ್ನೂ ಕಸಿಯುತ್ತಿದ್ದನೆಂಬ ದೂರು ಬಂದಾಗ, ಕರೆಸಲ್ಪಟ್ಟ ತಂದೆಯು ವಿಷಯವನ್ನು ಪೂರ್ತಿ ಕೇಳುವ ಮೊದಲೇ ಎಲ್ಲರೆದುರು ಮಗನ ಕಪಾಳಕ್ಕೆ ಬಾರಿಸಿ, "ನೀವೂ ನಾಲ್ಕು ಬಿಗಿಯಿರಿ ಮೇಷ್ಟ್ರೇ, ಯಾಕೆ ಅಂತ ಕೇಳೋದಿಲ್ಲ" ಎಂದರು. ಏಟು ತಿಂದವನು ತಂದೆಯತ್ತ ನೋಡಲಿಲ್ಲ. ಮೂಲೆಯಲ್ಲಿ ನಿಂತಿದ್ದ ಆ ಚಿಕ್ಕವನನ್ನೇ ದಿಟ್ಟಿಸಿದನು. ಪೀಡೆಯು ನಿಲ್ಲಲಿಲ್ಲ; ನಮ್ಮ ಕಣ್ಣಿಗೆ ಬೀಳದ ಬಸ್ ನಿಲ್ದಾಣಕ್ಕೆ ಸರಿಯಿತು. ಕೈ ಮೇಲಾದವನದೇ ನ್ಯಾಯವೆಂಬುದನ್ನು ಮನೆಯಲ್ಲಿ ನಿತ್ಯವೂ ಕಂಡವನಿಗೆ ಆ ಏಟು ಹಳೆಯ ಪಾಠದ ಪುನರಾವೃತ್ತಿಯಾಗಿಯೇ ತೋರಿರಬೇಕು. ಅದೇ ತಂದೆಯು, ಮಗನು ಬೀದಿಯಲ್ಲಿ ಯಾರನ್ನೋ ಹೊಡೆದು ಬಂದದ್ದನ್ನು ಗಂಡಸುತನವೆಂದು ನೆರೆಯವರೆದುರು ಕೊಂಡಾಡುತ್ತಿದ್ದುದೂ ಆಮೇಲೆ ತಿಳಿಯಿತು.

ಈ ವಿರೋಧಾಭಾಸವು ನನ್ನನ್ನು ಬಹಳ ಕಾಡಿತು. ಶಾಲಾಮಕ್ಕಳ ನಡುವಿನ ಇಂಥ ಪೀಡೆಯ ಅಧ್ಯಯನಕ್ಕೆ ಜೀವನವನ್ನೇ ಮುಡಿಪಾಗಿಟ್ಟ ಡಾನ್ ಓಲ್ವೇಯಸ್ ಅವರು 1980ರಲ್ಲಿಯೇ, ತಾಯಿಯ ತಿರಸ್ಕಾರ, ಹೊಡೆತಬಡಿತದ ಶಿಕ್ಷೆ, ಮಗನ ಆಕ್ರಮಣವನ್ನು ಕಂಡೂ ಕಾಣದಂತಿರುವ ಸಡಿಲತೆ, ಇವುಗಳ ಜೊತೆಗೆ ಬಾಲಕನ ಹುಟ್ಟುಸ್ವಭಾವವೂ ಸೇರಿ ಅವನ ಆಕ್ರಮಣಶೀಲತೆಯನ್ನು ಬೆಳೆಸುವುದನ್ನು ತೋರಿಸಿದ್ದರೆಂದು ಓದಿದಾಗ, ಬಿಗಿಯೂ ಸಡಿಲವೂ ಒಂದೇ ಸೂರಿನಡಿ ಹೇಗೆ ವಾಸಿಸಬಲ್ಲವೆಂಬುದು ಅರ್ಥವಾಯಿತು.

ಪೀಡೆಗೆ ತುತ್ತಾಗುವವರಲ್ಲಿಯೂ ಮನೆಯ ಮುದ್ರೆಯುಂಟು. ಮಗನ ಚೀಲವನ್ನು ತರಗತಿಯ ಬಾಗಿಲವರೆಗೂ ತಾವೇ ತಂದು, ನಾನು ಅವನ ಹೆಸರು ಕೇಳಿದರೂ ತಾವೇ ಉತ್ತರಿಸುತ್ತಿದ್ದ ತಾಯಿಯೊಬ್ಬರನ್ನು ಬಲ್ಲೆನು. ಆಕೆಯ ವಾತ್ಸಲ್ಯದಲ್ಲಿ ದೋಷವೆಣಿಸಲಾರೆ, ಆದರೆ "ಬೇಡ, ಬಿಡು" ಎಂದು ಗಟ್ಟಿಯಾಗಿ ಹೇಳುವ ಅಭ್ಯಾಸವೇ ಇಲ್ಲದ ಆ ಬಾಲಕನು ಕೀಟಲೆಗಾರರಿಗೆ ಸುಲಭವಾಗಿ ಸಿಕ್ಕಿದನು. 70 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದೂ ಅತಿರಕ್ಷಣೆಗೂ ಪೀಡನೆಗೊಳಗಾಗುವುದಕ್ಕೂ ಇರುವ ನಂಟನ್ನು ಗುರುತಿಸಿದೆ.

ನಿಯಮವನ್ನು ಬಿಡದೆ, ಅದರ ಕಾರಣವನ್ನು ತಿಳಿಸಿ, ಮಗುವಿನ ಮಾತಿಗೂ ಕಿವಿಗೊಡುವ ರೀತಿಯನ್ನು ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ ಅವರು 1960ರ ದಶಕದಲ್ಲಿ ನಿರಂಕುಶ ರೀತಿಯಿಂದಲೂ ಸಡಿಲ ರೀತಿಯಿಂದಲೂ ಬೇರ್ಪಡಿಸಿ ವರ್ಣಿಸಿದರು. ನಾನು ಅದನ್ನು ಕಂಡದ್ದು ಹೂವು ಮಾರಿ ಜೀವಿಸುತ್ತಿದ್ದ ತಾಯಿಯೊಬ್ಬಳಲ್ಲಿ. ಸಹಪಾಠಿಯ ಪೆನ್ನನ್ನು ಬೇಕೆಂದೇ ಮುರಿದ ಮಗನನ್ನು ಆಕೆ ಹೊಡೆಯಲಿಲ್ಲ, ಸಮರ್ಥಿಸಲೂ ಇಲ್ಲ. "ಏನಾಯ್ತು, ನೀನೇ ಹೇಳು" ಎಂದು ಕೇಳಿ, ಗಂಟೆ ಬಾರಿಸಿದರೂ ಕದಲದೆ ಅವನು ಬಾಯಿಬಿಡುವವರೆಗೆ ಕಾದಳು. ಆಮೇಲೆ ನನ್ನತ್ತ ತಿರುಗಿ, "ಅವನ ಕೈಖರ್ಚಿನ ದುಡ್ಡಲ್ಲೇ ಬೇರೆ ಪೆನ್ನು ತರಿಸ್ತೀನಿ ಸಾರ್, ನೀವು ಹೊಡೀಬೇಡಿ, ಹಾಗಂತ ಸುಮ್ನೆ ಬಿಡ್ಲೂಬೇಡಿ" ಎಂದಳು.

ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ನಿಷೇಧಿಸಿದೆಯಾದರೂ, ಮನೆಯ ಬೆತ್ತವನ್ನು ಕೆಳಗಿಡಿಸಲು ಮನವೊಲಿಕೆಯ ಹೊರತು ಉಪಾಧ್ಯಾಯನಿಗೆ ಅನ್ಯ ಮಾರ್ಗವಿಲ್ಲ. ಆದಕಾರಣ ದೂರು ಬಂದಾಗಲೆಲ್ಲ ತಂದೆಗೆ ಮೊದಲು ಕುರ್ಚಿ ಕೊಟ್ಟು, ಹುಡುಗನ ಮಾತು ಮುಗಿಯುವವರೆಗೆ ಕೈಯೆತ್ತಬಾರದೆಂದು ಕೇಳಿಕೊಳ್ಳುವುದನ್ನು ರೂಢಿಸಿಕೊಂಡೆನು. ಕೆಲವರು ಒಪ್ಪಿದರು, ಕೆಲವರು ಸಿಟ್ಟಾಗಿ ಎದ್ದುಹೋದರು, ಅಂಥವರ ಮಕ್ಕಳೊಡನೆ ಸಂಜೆ ನಾನೇ ಕುಳಿತು ಮಾತನಾಡುತ್ತಿದ್ದೆನು.